ಬೆವರು ಒರೆಸುವ ನಾಲ್ಕು ಚಿತ್ರ

ಆ ಆಟ ತನ್ನದು ಎಂದು ತೋರಿಸಲು ಬಸವಪ್ರಭುವಿನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಇದ್ದ ಕಾಗದವೆಲ್ಲ ತನ್ನಿ ಎಂದು ವಕೀಲರು ಹೇಳಿದ್ದರಿಂದ ಬೆಳಿಗ್ಗೆ ಕಪಾಟು, ಟ್ರಂಕು, ಹಾಸಿಗೆಯ ಕೆಳಗೆ, ಎಲ್ಲ ಕಡೆ ಹುಡುಕಿದ್ದ. ಸಿಕ್ಕದ್ದು ಡಿಪ್ಲೊಮಾದ ಅಂಕಪಟ್ಟಿ ಮತ್ತು ಎರಡು ವರ್ಷದ ಹಿಂದೆ ಮಲೇರಿಯಾ ಬಂದಾಗಿನ ರಕ್ತಪರೀಕ್ಷೆಯ ವರದಿ. ಖಾಲಿ ಕೈಯಲ್ಲಿ ಹೋಗಲು ನಾಚಿಕೆಯಾಗಿ ಅವನ್ನೇ ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ಪುಣೆಯ ಸ್ವಾರಗೇಟಿನಲ್ಲಿ ಶಿವಾಜಿನಗರದ ಬಸ್ಸು ಹತ್ತಿದ. ತನಗೆ ನೆನಪಿದ್ದ ಮಟ್ಟಿಗೆ ಹನ್ನೊಂದು ತಿಂಗಳು ಅವನು ಕಾಗದ ಮುಟ್ಟಿರಲಿಲ್ಲ. ಹೊಳೆದದ್ದು ತಲೆಯಿಂದ ನೇರವಾಗಿ ಕೀಬೋರ್ಡಿಗೆ ಹೋಗಿತ್ತು, ಕೀಬೋರ್ಡಿನಿಂದ ಕಂಪನಿಯ ಯಂತ್ರಕ್ಕೆ. ಆ ಯಂತ್ರ ಹರಿಶ್ಚಂದ್ರರದು. ಕರ್ವೆ ರಸ್ತೆಯ ಅವರ ಹೋಟೆಲಿನ ಮಾಳಿಗೆಯಲ್ಲಿ ಅಂಥ ಏಳು ಯಂತ್ರಗಳಿದ್ದವು, ಏಳಕ್ಕೂ ಸಾಂಬಾರಿನ ವಾಸನೆ ಹತ್ತಿತ್ತು. ಹೋಟೆಲು ಚೆನ್ನಾಗಿ ನಡೆಯುತ್ತಿದ್ದ ಧೈರ್ಯದಲ್ಲಿ ಅವರು ಎರಡು ಸಾವಿರದ ನಾಲ್ಕರಲ್ಲಿ ಮೊಬೈಲಿನ ಆಟ ಮಾಡುವ ಕಂಪನಿ ಹಾಕಿದ್ದರು. ಆಟದಿಂದ ಬಂದದ್ದು ಅವರಿಗೆ ಹೋಗುತ್ತಿತ್ತು, ಹೋಗಲಿ. ಬಸವಪ್ರಭುವಿಗೆ ಬೇಕಾದದ್ದು ಇಷ್ಟೇ: ಇದನ್ನು ಮಾಡಿದವನು ಇವನು ಎಂದು ಯಾರಾದರೂ, ಸಾಧ್ಯವಾದರೆ ಒಬ್ಬ ನ್ಯಾಯಾಧೀಶ, ಎಲ್ಲರಿಗೂ ಕೇಳುವಂತೆ ಹೇಳಬೇಕು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂಡಲೇ ಕೈ ಜೇಬಿಗೆ ಹೋಯಿತು, ಹೆಬ್ಬೆರಳು ತಾನಾಗಿ ಆ ಇನ್ನೊಂದು ಆಟವನ್ನು, ತನ್ನದನ್ನು ನೋಡಿ ಬೇರೆ ಕಂಪನಿ ಮಾಡಿದ್ದನ್ನು, ತೆರೆಯಿತು. ಮೂವತ್ತೊಂದನೆಯ ಹಂತ. ಮೂರು ವಾರದಿಂದ ಇದೇ ನಡೆದಿತ್ತು. ಪುರಾವೆಗಾಗಿ ಆಡುತ್ತಿದ್ದೇನೆ ಎಂದು ಮೊದಲ ದಿನ ತನಗೆ ತಾನೇ ಹೇಳಿಕೊಂಡಿದ್ದ. ಆರನೆಯ ಹಂತ ಮುಟ್ಟುವಷ್ಟರಲ್ಲಿ ಪುರಾವೆಗೆ ಬೇಕಾದದ್ದೆಲ್ಲ ಸಿಕ್ಕಿತ್ತು, ಮುಂದಿನದು ಬರೀ ಚಟ. ಅವನ ಆಟದ ಹೆಸರು ಥಪ್ಪಿ. ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಒಟ್ಟುವುದಕ್ಕೆ ಮಾರ್ಕೆಟ್ ಯಾರ್ಡಿನಲ್ಲಿ ಇರುವ ಮಾತು ಅದು. ಮೇಲಿನಿಂದ ಜೋಳದ ಚೀಲಗಳು ಬರುತ್ತವೆ, ಐದು ಸಾಲಿನಲ್ಲಿ ಒಟ್ಟಬೇಕು, ಕೆಳಗೆ ಕೈಗಾಡಿ ಬಂದು ನಿಂತಾಗ ಎಲ್ಲಕ್ಕಿಂತ ಹಳೆಯ ಚೀಲವನ್ನು ತೆಗೆದು ಕೊಡಬೇಕು. ಹಳೆಯದು ಹೊಸದರ ಅಡಿ ಸಿಕ್ಕಿಕೊಂಡರೆ ನುಸಿ ಹಿಡಿಯುತ್ತದೆ, ನುಸಿ ಪಕ್ಕದ ಚೀಲಕ್ಕೆ ಹಬ್ಬುತ್ತದೆ, ಆಟ ಮುಗಿಯುತ್ತದೆ. ಇನ್ನೊಂದು ಆಟದಲ್ಲಿ ಜೋಳವಿಲ್ಲ. ಅಲ್ಲಿ ಬಂದರು, ಮೀನಿನ ಪೆಟ್ಟಿಗೆ. ನುಸಿಯ ಬದಲು ಕೊಳೆ, ಕೈಗಾಡಿಯ ಬದಲು ಲಾರಿ. ಉಳಿದದ್ದೆಲ್ಲ ಅದೇ. ಒಂದು ಮಾತ್ರ ಬೇರೆ: ತಪ್ಪಿ ಇಟ್ಟ ಪೆಟ್ಟಿಗೆಯನ್ನು ಒಂದು ಸಲ ವಾಪಸು ತೆಗೆಯಬಹುದಿತ್ತು. ಇಷ್ಟು ಸಣ್ಣ ದಯೆ ತನಗೇಕೆ ಹೊಳೆಯಲಿಲ್ಲ? ಕದ್ದ ಆಟ ಚೆನ್ನಾಗಿತ್ತು, ಅವನದಕ್ಕಿಂತ ಚೆನ್ನಾಗಿತ್ತು, ಇದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. "ಪುಢೇ ಸರಕಾ, ಪುಢೇ," ಎಂದು ಕಂಡಕ್ಟರ್ ಜನರನ್ನು ಮುಂದಕ್ಕೆ ತಳ್ಳುತ್ತಿದ್ದ. ಪಕ್ಕದ ಮುದುಕ ಅವನ ಫೋನಿನೊಳಗೇ ಕಣ್ಣಿಟ್ಟು ಕೂತಿದ್ದವನು ಒಂದು ಪೆಟ್ಟಿಗೆ ತಪ್ಪು ಸಾಲಿಗೆ ಬಿದ್ದಾಗ ಚ್ಚ್ ಎಂದ. ಅವನಿಗೂ ನಿಯಮ ಅರ್ಥವಾಗಿತ್ತು, ಎರಡು ನಿಲ್ದಾಣದೊಳಗೆ. ಒಳ್ಳೆಯ ನಿಯಮ ಎಂದರೆ ಅದೇ, ನೋಡಿದವನಿಗೆಲ್ಲ ತನ್ನದೇ ಎನಿಸುತ್ತದೆ. ಸುಖೇಶನಿಗೂ ಹಾಗೇ ಅನಿಸಿರಬೇಕು. ಸುಖೇಶ ಮೊದಲು ಹರಿಶ್ಚಂದ್ರರ ಮಾಳಿಗೆಯಲ್ಲಿ ಅವನ ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದ, ಈಗ ತಳೇಗಾಂವದಿಂದ ದಿನಾ ರೈಲಿನಲ್ಲಿ ಓಡಾಡುತ್ತ ಆ ಇನ್ನೊಂದು ಕಂಪನಿಗೆ ದುಡಿಯುತ್ತಿದ್ದ. ಫೋನು ಮಾಡಿ ಕೇಳಿದಾಗ ಅವನು ಅಡಗಿಸಲೂ ಇಲ್ಲ.

"ಹೌದು ಮಾರಾಯ, ನಿನ್ನದನ್ನೇ ನೋಡಿ ಮಾಡಿದ್ದು. ನಾಲ್ಕು ಜನ ಆರು ದಿನ ಕೂತು ಆಡಿದೆವು. ನಿನ್ನ ಕೋಡಿನ ಒಂದು ಗೆರೆ ಮುಟ್ಟಲಿಲ್ಲ. ಬೇಕಾದರೆ ಬಂದು ನೋಡು, ಚಾ ಕುಡಿಸ್ತೇನೆ."

"ಹೇಳಾಕ ನಾಚಿಕಿ ಬರೂದಿಲ್ಲೇನೋ?"

"ನಾಚಿಕೆ ಎಂತದ್ದು? ಹರಿಶ್ಚಂದ್ರಣ್ಣ ಮಸಾಲೆದೋಸೆ ಮಾಡ್ತಾರೆ, ಎದುರು ಅಂಗಡಿಯವನೂ ಮಾಡ್ತಾನೆ. ದೋಸೆ ಯಾರಪ್ಪಂದು?"

ಇದಕ್ಕೆ ಉತ್ತರ ಬಸವಪ್ರಭುವಿಗೆ ಆಮೇಲೆ ಎಷ್ಟೋ ಹೊಳೆದವು, ಬಚ್ಚಲಿನಲ್ಲಿ, ಬಸ್ಸಿನಲ್ಲಿ, ಊಟದ ನಡುವೆ. ಒಂದೂ ಸುಖೇಶನ ಮಾತಿನಷ್ಟು ಗಟ್ಟಿ ಇರಲಿಲ್ಲ.

ಸಂಕಪ್ಪನವರ ಕಚೇರಿ ಕೋರ್ಟಿನ ಎದುರಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ. ವಿಜಾಪುರದ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾದರೂ ಮಾತು ಹಾಗೇ ಇತ್ತು. ಹರಿಶ್ಚಂದ್ರ ಆಗಲೇ ಬಂದು ಕೂತು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಎರಡೂ ಆಟದ ಒಂದೊಂದು ಪರದೆಯನ್ನು ಮುದ್ರಿಸಿ ಜೋಡಿಸಿಟ್ಟಿದ್ದರು. ಎಡಕ್ಕೆ ಜೋಳ, ಬಲಕ್ಕೆ ಮೀನು. ಬಸವಪ್ರಭು ತನ್ನ ಫೈಲನ್ನು ತೊಡೆಯ ಮೇಲೇ ಇಟ್ಟುಕೊಂಡ. ವಕೀಲರು ಕೆಂಪು ಪೆನ್ಸಿಲ್ ಚೂಪು ಮಾಡಿ, "ಹೇಳ್ರಿ ಈಗ, ಇದ್ರಾಗ ನಿಮ್ಮದು ಯಾವ್ಯಾವ್ದು, ಒಂದೊಂದಾಗಿ," ಎಂದರು. ಅವನು ಹೇಳತೊಡಗಿದ. ಐದು ಸಾಲು. ಅವರು ಬರೆದರು, ಆಮೇಲೆ ಅದರ ಮೇಲೆ ಗೀಟು ಎಳೆದರು. ಹಳೆಯದು ಮೊದಲು ಹೋಗಬೇಕು ಎನ್ನುವುದು. ಗೀಟು. ನುಸಿ ಪಕ್ಕಕ್ಕೆ ಹಬ್ಬುವುದು. ಗೀಟು. ಕೈಗಾಡಿ ಕಾಯುತ್ತ ನಿಂತಷ್ಟೂ ಕೆಂಪಾಗುವುದು. ಗೀಟು. ಅವರ ಕೈಯಲ್ಲಿ ದ್ವೇಷವಿರಲಿಲ್ಲ, ತರಕಾರಿ ಸೋಸುವವರ ಹಾಗೆ ಮಾಡುತ್ತಿದ್ದರು. ಇದನ್ನೆಲ್ಲ ನಾನು ಯೋಚಿಸಿ ಮಾಡಿದ್ದು ಎಂದು ಬಸವಪ್ರಭು ಹೇಳುತ್ತಿರುವಾಗಲೇ ಚಿಕ್ಕಂದಿನ ಬೆಳಗುಗಳು ನೆನಪಾದವು. ಗುಲ್ಟೇಕಡಿಯ ಧಾನ್ಯದಂಗಡಿಯ ಗೋದಾಮಿನ ಬಾಗಿಲಲ್ಲಿ ಹಮಾಲ ಶಿವಪುತ್ರಪ್ಪ ಬೆನ್ನ ಮೇಲೆ ಚೀಲ ಹೊತ್ತು, ಎದುರಿಗೆ ನಿಂತ ಅವನಿಗೆ "ಸರೀ ಸಣ್ಣಪ್ಪ, ಹಳೇದಕ್ಕ ದಾರಿ ಬಿಡು" ಎನ್ನುತ್ತಿದ್ದ. ಅಪ್ಪ ನಿಜಲಿಂಗಪ್ಪ ಆ ಅಂಗಡಿಯ ಗುಮಾಸ್ತ, ಬೆಳಗಿನ ಮೊದಲ ಚೀಲ ಇಳಿಯುವಾಗ ಒಂದು ಎನ್ನದೆ ಲಾಭ ಎನ್ನುತ್ತಿದ್ದ, ಲಾಭ, ಎರಡು, ಮೂರು. ಆ ಲಾಭದ ಚೀಲವನ್ನು ಇಡೀ ಲಾರಿ ಖಾಲಿಯಾಗುವ ತನಕ ಯಾರೂ ಅಲುಗಿಸಬಾರದು. ಯಾಕೆ ಎಂದು ಕೇಳಿದರೆ ಅಪ್ಪ, ಅಲುಗಿಸಬಾರದು ಅಷ್ಟೇ, ಎನ್ನುತ್ತಿದ್ದ.

"ಮೊದಲ ಚೀಲ!" ಬಸವಪ್ರಭು ಕುರ್ಚಿಯಿಂದ ಅರ್ಧ ಎದ್ದ. "ಅದನ್ನ ಕೇಳ್ರಿ ಸರ. ನನ್ನ ಆಟದಾಗ ಮೊದಲನೇ ಚೀಲ ಎಷ್ಟ ಹಳೇದಾದ್ರೂ ಕಡೀತನಕ ಅಲುಗಾಡೂದಿಲ್ಲ, ಅದಕ್ಕ ನುಸೀನೂ ಹತ್ತೂದಿಲ್ಲ. ಅದರ ಸುತ್ತಾನ ಥಪ್ಪಿ ಹಾಕ್ಬೇಕು. ಅದು ನಮ್ಮ ಅಂಗಡಿ ರೀತಿ. ಮೀನಿನ ಆಟದಾಗೂ ಮೊದಲನೇ ಪೆಟ್ಟಿಗಿ ಅಲುಗಾಡೂದಿಲ್ಲ! ಬಂದರದಾಗ ಹಂಗ ಯಾರರೆ ಮಾಡ್ತಾರೇನ್ರಿ? ಯಾಕಂತ ಅವರಿಗೇ ಗೊತ್ತಿಲ್ಲ. ನೋಡಿ ಹೊಡದಾರ."

ಸಂಕಪ್ಪನವರು ಕನ್ನಡಕ ತೆಗೆದು ನಕ್ಕರು. "ಭಾಳ ಚಲೋ ಪುರಾವೆ ರೀ. ಕಾಪಿ ಮಾಡ್ಯಾರ ಅನ್ನೂದು ಇದ್ರಿಂದ ಗಟ್ಟಿ ಆತು."

"ಹಂಗಿದ್ರ ಗೆದ್ದಂಗ ಅಲ್ರಿ?"

"ಇಲ್ರಿ. ಕಾಪಿ ಮಾಡ್ಯಾರ, ಖರೆ. ಆದ್ರ ಏನ್ ಕಾಪಿ ಮಾಡ್ಯಾರ? ಆಡೂ ರೀತಿ. ಆಡೂ ರೀತಿ ನಿಮ್ಮದಲ್ಲ."

"ಮತ್ತ ಯಾರದ್ರಿ?"

"ಯಾರದೂ ಅಲ್ಲ. ಬರದದ್ದನ್ನ ಕಾಯ್ದೆ ಕಾಯ್ತದ, ಬಿಡಿಸಿದ್ದನ್ನ ಕಾಯ್ತದ. ತಲ್ಯಾಗ ಹೊಳದದ್ದನ್ನ ಕಾಯೂದಿಲ್ಲ. ಕೋಡ್ ಅವರು ಬ್ಯಾರೆ ಬರದಾರ. ಚಿತ್ರ ಬ್ಯಾರೆ ಹಾಕ್ಯಾರ." ಮೊದಲ ಚೀಲದ ಮೇಲೂ ಗೀಟು ಬಿತ್ತು.

ಹರಿಶ್ಚಂದ್ರ ಗೊಣಗಿದರು, "ಹಾಗಾದರೆ ಇವ ವರ್ಷವಿಡೀ ತಲೆ ಕೆರೆದುಕೊಂಡದ್ದು ಎಂತಕ್ಕೆ ಮಾರಾಯ್ರೆ? ಎರಡು ದಿನದಲ್ಲಿ ನಮ್ಮ ಆಫೀಸಿನ ಹುಡುಗಿ ಹಾಕಿದ ಚಿತ್ರಕ್ಕೆ ಬೆಲೆ ಉಂಟು, ಇವನ ತಲೆಗೆ ಇಲ್ಲವಾ?"

"ಅಷ್ಟ ನೋಡ್ರಿ ಶೆಟ್ರ."

ಹಾಳೆಯಲ್ಲಿ ಗೀಟಿಲ್ಲದ ಸಾಲೇ ಉಳಿದಿರಲಿಲ್ಲ. ಬಸವಪ್ರಭುವಿಗೆ ಇದ್ದಕ್ಕಿದ್ದಂತೆ ಮೂತ್ರಕ್ಕೆ ಹೋಗಬೇಕೆನಿಸಿತು, ಕೇಳಲು ಆಗಲಿಲ್ಲ. ಸಂಕಪ್ಪನವರು ಅವನ ಫೋನನ್ನೂ ಹರಿಶ್ಚಂದ್ರರ ಫೋನನ್ನೂ ಎರಡು ಕೈಯಲ್ಲಿ ಹಿಡಿದು, ಒಂದು ಹಂತ ಮುಗಿದಾಗ ಏನು ಬರುತ್ತದೋ ನೋಡುತ್ತಿದ್ದರು. ಥಪ್ಪಿಯಲ್ಲಿ ಹಂತ ಮುಗಿದಾಗ ಒಬ್ಬ ಸಣ್ಣ ಹಮಾಲ ಬರುತ್ತಿದ್ದ: ತಲೆಯ ಟವೆಲು ಬಿಚ್ಚುತ್ತಾನೆ, ಮುಖ ಒರೆಸುತ್ತಾನೆ, ಬೆವರು ಝಾಡಿಸುತ್ತಾನೆ, ಮತ್ತೆ ಸುತ್ತಿಕೊಳ್ಳುತ್ತಾನೆ. ನಾಲ್ಕು ಚಿತ್ರ, ಒಂದರ ಹಿಂದೆ ಒಂದು. ಇನ್ನೊಂದರಲ್ಲಿ ಬಂದರಿನ ಒಬ್ಬ ಖಲಾಸಿ ಟೊಪ್ಪಿಗೆ ತೆಗೆದ, ಮುಖ ಒರೆಸಿದ, ಝಾಡಿಸಿದ, ಹಾಕಿಕೊಂಡ. ವಕೀಲರು ಮತ್ತೊಮ್ಮೆ ನೋಡಿದರು. ಅದೇ ಬಾಗಿದ ಮೊಣಕೈ, ಅದೇ ಎಡಗಾಲು ಸ್ವಲ್ಪ ಮುಂದೆ.

"ಹಿಡದೆ ನೋಡ್ರಿ," ಎಂದರು ಮೆಲ್ಲಗೆ. "ಎಲ್ಲಾ ಬದಲಿ ಮಾಡ್ಯಾರ, ಇಲ್ಲಿ ಆಲಸ್ಯ ಮಾಡ್ಯಾರ. ಟವೆಲ್ ತಗದು ಟೊಪ್ಪಿಗಿ ಇಟ್ಟಾರ ಅಷ್ಟ. ಇದು ಚಿತ್ರ. ಇದಕ್ಕ ಕಾಯ್ದೆ ಅದ. ಈ ಚಿತ್ರ ಹಾಕಿದವರು ಯಾರು?"

"ಅಪೇಕ್ಷಾ," ಎಂದರು ಹರಿಶ್ಚಂದ್ರ, ಆಗಲೇ ವಕೀಲರ ಕೈಯಲ್ಲಿದ್ದ ತಮ್ಮ ಫೋನಿಗೆ ಕೈ ಹಾಕಿ.

"ಅವರು ಹಾಕಿದ ಕಚ್ಚಾ ಹಾಳಿ ಎಲ್ಲಾ ತಗೊಂಡ್ ಬರ್ಲಿ. ಇದು ನನ್ನ ಸ್ವಂತ ಕೆಲಸ ಅಂತ ಒಂದು ಪ್ರಮಾಣಪತ್ರಕ್ಕ ಸಹಿ ಮಾಡ್ಲಿ. ನಾಲ್ಕ ಚಿತ್ರ ಸಾಕ್ರಿ, ಅವರ ಇಡೀ ಆಟ ನಿಲ್ಲಸ್ತೀನಿ."

ಎರಡೂವರೆಗೆ ಬರಲು ಹೇಳಿದರು. ಬಸವಪ್ರಭು ಹೊರಗೆ ಬಂದಾಗ ಮೈ ಹಗುರವಾಗಿತ್ತು, ಆದರೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಕೋರ್ಟಿನ ಗೋಡೆಯ ಗುಂಟ ಒಮ್ಮೆ ಹೋಗಿ ಬಂದ, ಮತ್ತೊಮ್ಮೆ ಹೋದ. ಕರಿ ಕೋಟಿನವರು ವಡಾಪಾವ್ ತಿನ್ನುತ್ತಿದ್ದರು. ಅವನೂ ಒಂದು ತಗೊಂಡು ಅರ್ಧ ತಿಂದು ಎಸೆದ. ಬಾಗಿದ ಮೊಣಕೈ ಕಣ್ಣ ಮುಂದೆ ನಿಂತಿತ್ತು, ಅದನ್ನು ಮೊದಲೇ ಎಲ್ಲೋ ಟೀವಿಯಲ್ಲಿ ನೋಡಿದ ನೆನಪು. ಟೀವಿಯ ಗಾಜಿನ ಮೇಲೆ ಮರದ ಅಡಿಪಟ್ಟಿ ಇಟ್ಟರೆ ಕೈಯ ರೋಮವೆಲ್ಲ ನೆಟ್ಟಗಾಗುತ್ತಿತ್ತು, ಚಟಪಟ ಎನ್ನುತ್ತಿತ್ತು. ಆಟವನ್ನು ನಿಲ್ಲಿಸಿಟ್ಟು, ಚೌಕ ಎಣಿಸಿ, ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ಅಷ್ಟೇ ಚೌಕ ತುಂಬಬೇಕು. ತೊಂಬತ್ತಮೂರರಲ್ಲಿ ಸೋದರಮಾವ ಕೊಡಿಸಿದ ಟೀವಿ ಆಟದ ಡಬ್ಬಿ, ಜೊತೆಗೊಂದು ಹಳದಿ ಕ್ಯಾಸೆಟ್, ಅದರಲ್ಲಿ ನೂರೊಂದು ಆಟ, ಎಲ್ಲವೂ ಯಾರದೋ ಆಟದ ನಕಲು, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಎಪ್ಪತ್ತೆರಡನೆಯ ನಂಬರಿನ ಆಟದಲ್ಲಿ ಒಬ್ಬ ಗೌಂಡಿ ಇಟ್ಟಿಗೆ ಇಟ್ಟು ಮುಗಿಸಿ ಹೆಲ್ಮೆಟ್ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ. ಬಸವಪ್ರಭು ನಡೆಯುವುದನ್ನು ನಿಲ್ಲಿಸಿದ. ಚೌಕ ಎಣಿಸಿದ್ದು ಹುಡುಗನಾಗಿದ್ದಾಗಿನ ನೆನಪಲ್ಲ. ಹಳೆಯ ಡಬ್ಬಿಯನ್ನು ಟ್ರಂಕಿನಿಂದ ತೆಗೆದು ಟೀವಿಗೆ ಹಚ್ಚಿದ್ದು ಹೋದ ವರ್ಷ, ಒಂದು ಭಾನುವಾರ. ಮರುದಿನ ಮಾಳಿಗೆಯಲ್ಲಿ ನಾಲ್ಕು ಗ್ರಾಫ್ ಹಾಳೆಗಳನ್ನು ಅಪೇಕ್ಷಾಳ ಮೇಜಿನ ಮೇಲೆ ಇಟ್ಟು, "ಇದಕ್ಕೊಂದು ಟವೆಲ್ ಸುತ್ರಿ, ಸಾಕು," ಎಂದವನು ಅವನೇ. ಅವಳು ಹಾಳೆ ಎತ್ತಿ ಬೆಳಕಿಗೆ ಹಿಡಿದು ಕೇಳಿದ್ದಳು, "ಇದು ಯಾರದ್ದು?"

"ಯಾರದೂ ಅಲ್ಲ," ಎಂದಿದ್ದ.

ಎರಡು ಗಂಟೆ ಐದು ನಿಮಿಷ. ಅವಳ ನಂಬರು ಒತ್ತಿದ. ಒಂದು ಸಲ ರಿಂಗಾಯಿತು, ಕತ್ತರಿಸಿದ. ಏನು ಹೇಳುವುದು? ಆ ಹಾಳೆ ತರಬೇಡಿ ಎನ್ನಬೇಕೆ? ಹಾಗೆಂದರೆ ಸುಳ್ಳಿಗೆ ಸಹಿ ಮಾಡಿ ಎಂದಂತೆ. ತನ್ನಿ ಎಂದರೆ ಇಡೀ ದಾವೆ ಇವತ್ತೇ ಮುಗಿದಂತೆ, ಆಟ ಸುಖೇಶನದೇ ಆದಂತೆ. ಅವಳು ಹಾಳೆಗಳನ್ನು ಎಂದೋ ಎಸೆದಿರಬಹುದು. ಚಿತ್ರ ಹಾಕುವವರು ಅಷ್ಟೆಲ್ಲ ಇಟ್ಟುಕೊಳ್ಳುತ್ತಾರೆಯೆ? ಇಟ್ಟುಕೊಳ್ಳುತ್ತಿದ್ದಳು, ಅವನಿಗೆ ಗೊತ್ತಿತ್ತು. ಪೆನ್ಸಿಲಿನ ತುಂಡುಗಳನ್ನೂ ಡಬ್ಬಿಯಲ್ಲಿ ಜೋಡಿಸಿಡುವವಳು. ಮತ್ತೆ ಒತ್ತಿದ. ಈ ಸಲ ರಿಂಗಾಗುವ ಮೊದಲೇ ಕತ್ತರಿಸಿ, ಫೋನು ಕೈಯಲ್ಲಿದ್ದುದಕ್ಕೆ, ಮೂವತ್ತೊಂದನೆಯ ಹಂತ ತೆರೆದ. ಮೀನಿನ ಪೆಟ್ಟಿಗೆಗಳು ಬೀಳತೊಡಗಿದವು. ಆಡುತ್ತ ಆಡುತ್ತ ಎರಡೂವರೆ ದಾಟಿತು. ತಲೆಯೆತ್ತಿದಾಗ ಅಪೇಕ್ಷಾ ರಿಕ್ಷಾದಿಂದ ಇಳಿದು, ಕಂದು ಬಣ್ಣದ ದೊಡ್ಡ ಫೈಲನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

ಒಳಗೆ ಅವಳು ಹಾಳೆಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಇಡುತ್ತ ಹೋದಳು. ಚೀಲ, ಕೈಗಾಡಿ, ನುಸಿ, ಗೋದಾಮಿನ ಬಾಗಿಲು. ಸಂಕಪ್ಪನವರು "ಅಗದೀ ಶಿಸ್ತು, ಇಂಥಾ ಕಕ್ಷಿದಾರರು ಸಿಗಬೇಕ್ರಿ," ಎನ್ನುತ್ತಿದ್ದರು. ಕೊನೆಗೆ ನಾಲ್ಕು ಗ್ರಾಫ್ ಹಾಳೆ ಬಂದವು. ಅವಳು ಅವನ್ನೂ ಇಟ್ಟಳು, ಅದೇ ಶಿಸ್ತಿನಲ್ಲಿ. ಪೆನ್ಸಿಲಿನಿಂದ ತುಂಬಿದ ಚೌಕಗಳ ಗೌಂಡಿ, ತಲೆಯ ಮೇಲೆ ಹೆಲ್ಮೆಟ್. ಪ್ರತಿ ಹಾಳೆಯ ಮೂಲೆಯಲ್ಲೂ ಕನ್ನಡ ಅಂಕಿಯಲ್ಲಿ ೭೨ ಎಂದು ಬರೆದಿತ್ತು.

"ಇದೇನ್ರಿ?"

"ಯಾವುದು ಸರ್?"

"ಮೂಲ್ಯಾಗ ಬರದದ್ದು."

ಅಪೇಕ್ಷಾ ಬಗ್ಗಿ ನೋಡಿದಳು. ಅಪ್ಪ ಕುಂದಾಪುರದಿಂದ ಬಂದವನಾದರೂ ಅವಳು ಹುಟ್ಟಿದ್ದು, ಓದಿದ್ದು ಇಲ್ಲೇ, ಮರಾಠಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ; ಕನ್ನಡ ಅವಳಿಗೆ ಬಾಯಿಯಲ್ಲಿತ್ತು, ಕಣ್ಣಲ್ಲಿರಲಿಲ್ಲ. "ಅದು ನನಗೆ ಓದಲಿಕ್ಕೆ ಬರುವುದಿಲ್ಲ ಸರ್," ಎಂದಳು. ಎಂದ ಮೇಲೆ ಬಸವಪ್ರಭುವಿನ ಕಡೆ ನೋಡಿದಳು. ಅವಸರವಿರಲಿಲ್ಲ ಆ ನೋಟದಲ್ಲಿ. ಮುಂದಿನ ಮಾತು ಅವನದು ಎಂದು ಅವಳು ಸಹಜವಾಗಿ ತಿಳಿದಿದ್ದಳು. ಅಂಗಡಿಯ ಗುಮಾಸ್ತನ ಮಗ, ಅಪ್ಪ ಕಲಿಸಿದ ಅಂಕಿ, ಯಾರೂ ನೋಡದಾಗ ಕೈ ತಾನಾಗಿ ಬರೆಯುವ ಅಂಕಿ. ಸಂಕಪ್ಪನವರೂ ನೋಡಿದರು. ಹರಿಶ್ಚಂದ್ರ ಒಂದು ಕ್ಷಣ ನೋಡಿ ಫ್ಯಾನಿನ ಕಡೆ ಮುಖ ತಿರುಗಿಸಿದರು. ಅವರು ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದವರು. ಕೋಣೆಯಲ್ಲಿದ್ದ ಮೂವರು ಗಂಡಸರಿಗೂ ಆ ಎಪ್ಪತ್ತೆರಡನ್ನು ಬರೆದವರು ಯಾರು ಎಂದು ಗೊತ್ತಾಗಿತ್ತು. ಕೆಳಗೆ ಝೆರಾಕ್ಸ್ ಯಂತ್ರ ಒಂದೇ ಸಮನೆ ಹಾಳೆ ಉಗುಳುತ್ತಿತ್ತು. ಈಗ ಹೇಳುತ್ತೇನೆ ಎಂದುಕೊಂಡ. ಬಾಯಿ ತೆರೆದೂ ಆಗಿತ್ತು.

"ಚಿತ್ರದ ಕೆಲಸ ನಾ ನೋಡ್ತಿರಲಿಲ್ರಿ," ಎಂದ. "ಅದೆಲ್ಲಾ ಅವರದ."

ಹರಿಶ್ಚಂದ್ರ ಅವನನ್ನು ಬಿಟ್ಟು ಅವಳನ್ನು ಕೇಳಿದರು, "ಇದು ಎಲ್ಲಿಂದ ತಂದದ್ದು ಅಪೇಕ್ಷಾ?" ಮುಂದಿನ ಆಟ ದೀಪಾವಳಿಗೆ ಹೊರಡಬೇಕಿತ್ತು. ಅದನ್ನು ಬರೆಯಲು ಅವರಿಗೆ ಬಸವಪ್ರಭು ಬೇಕಿತ್ತು, ಚಿತ್ರ ಹಾಕುವವರು ಯಾರಾದರೂ ಸಿಗುತ್ತಿದ್ದರು. ಇಷ್ಟನ್ನು ಅಪೇಕ್ಷಾ ಕೂಡ ಲೆಕ್ಕ ಹಾಕಿರಬೇಕು, ಏಕೆಂದರೆ ಅವಳ ಮುಖ ಮೊದಲು ಕೆಂಪಾಗಿ, ಆಮೇಲೆ ಏನೂ ಇಲ್ಲದಂತಾಯಿತು.

"ಹಳೇ ಆಟದ್ದು ಸರ್. ನೋಡಿ ಮಾಡಿದ್ದು. ಸ್ವಂತದ್ದಲ್ಲ. ಈ ಪೇಪರಿಗೆ ನಾನು ಸಹಿ ಹಾಕುವುದಿಲ್ಲ."

"ಯಾರು ಕೊಟ್ಟದ್ದು ಅಂತ ಹೇಳ್ರಿ ತಾಯಿ," ಸಂಕಪ್ಪನವರು ತುಸು ಮೆತ್ತಗೆ ಕೇಳಿದರು.

"ಅವರಿಗೆ ಹೇಳಲಿಕ್ಕೆ ಮನಸ್ಸಿಲ್ಲದಿದ್ದರೆ ನಾನು ಎಂತಕ್ಕೆ ಹೇಳಲಿ?"

ವಕೀಲರು ಪೆನ್ಸಿಲನ್ನು ಡ್ರಾಯರಿಗೆ ಹಾಕಿ, ಇವರೆಲ್ಲ ಪೂರಾ ಹೊರಹೋಗುವ ಮೊದಲೇ ಬೇರೆ ಕಡತಕ್ಕೆ ಮನಸ್ಸು ಕೊಟ್ಟವರ ಹಾಗೆ ಹೇಳಿದರು: ದಾವೆ ಹಾಕಿದರೆ ಎದುರಿನವರು ಆ ಹಳೆಯ ಆಟವನ್ನು ಹುಡುಕಿ ತರುತ್ತಾರೆ, ಅದರ ನಿಜವಾದ ಒಡೆಯ ಎಲ್ಲೋ ಇದ್ದೇ ಇರುತ್ತಾನೆ, ಆಗ ಸಿಕ್ಕಿಬೀಳುವವರು ನಾವೇ. ಅವರ ಆಟ ನಿಲ್ಲಿಸುವುದು ಹಾಗಿರಲಿ, ನಿಮ್ಮದನ್ನೇ ಸದ್ದಿಲ್ಲದೆ ಮಾರಾಟದಿಂದ ವಾಪಸು ತೆಗೆದುಕೊಳ್ಳುವುದು ಒಳ್ಳೆಯದು. ಹರಿಶ್ಚಂದ್ರ ತಲೆಯಾಡಿಸಿದರು. ಬಾಗಿಲ ಹತ್ತಿರ ನಿಂತು, "ನಾಳೆಯಿಂದ ಬರುವುದು ಬೇಡ ಮಾರಾಯ್ತಿ, ನಾನು ನಿನ್ನ ಅಪ್ಪನ ಹತ್ತಿರ ಮಾತಾಡ್ತೇನೆ," ಎಂದರು. ಬೈಯಲಿಲ್ಲ. ಬೈದಿದ್ದರೆ ಬಸವಪ್ರಭು ನಡುವೆ ಬರುತ್ತಿದ್ದನೇನೋ, ಹಾಗೆಂದು ಅವನು ಆಮೇಲೆ ಬಹಳ ದಿನ ಅಂದುಕೊಂಡ.

ಮೆಟ್ಟಿಲ ಮೇಲೆ ಅವನು ಅವಳ ಹಿಂದೆ ಇಳಿದ. ಫೈಲು ಹಿಡಿದುಕೊಳ್ಳಲೇ ಎಂದ. ಬೇಡ ಎಂದಳು. ಕೆಳಗೆ ಬಿಸಿಲಿಗೆ ಬಂದ ಮೇಲೆ ಅವಳು ನಿಂತಳು.

"ಫೋನ್ ಮಾಡಿದ್ರಿ ಅಲ್ಲವಾ, ಎರಡು ಗಂಟೆಗೆ? ಕಟ್ ಆಯ್ತು. ನಾನು ವಾಪಸು ಮಾಡಿದೆ, ಬ್ಯುಸಿ ಬಂತು."

"ನೆಟ್ವರ್ಕ್ ಇರಲಿಲ್ಲ," ಎಂದ.

"ಹೌದಾ," ಎಂದು ರಿಕ್ಷಾಕ್ಕೆ ಕೈ ತೋರಿಸಿದಳು.

ಗುರುವಾರ ಮಧ್ಯಾಹ್ನ ಬಸವಪ್ರಭು ತಾನೇ ಕೂತು, ಆಟ ಮಾರುತ್ತಿದ್ದ ಫೋನು ಕಂಪನಿಗೆ ಥಪ್ಪಿಯನ್ನು ತೆಗೆದುಬಿಡಿ ಎಂದು ಪತ್ರ ಟೈಪು ಮಾಡಿದ. ಶುಕ್ರವಾರ ಅವರ ಪಟ್ಟಿಯಲ್ಲಿ ಥಪ್ಪಿ ಇರಲಿಲ್ಲ. ಮೀನಿನ ಆಟ ಒಂದು ಸ್ಥಾನ ಮೇಲೆ ಬಂದಿತ್ತು. ಅಪೇಕ್ಷಾಳ ಮೇಜಿಗೆ ಸೋಮವಾರ ಇಂದಾಪುರದ ಒಬ್ಬ ಬಂದು ಕೂತ, ಕುರ್ಚಿ ಎತ್ತರ ಮಾಡಿಕೊಂಡ. ಕಾರಣವನ್ನು ಯಾರೂ ಅವನಿಗೆ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆ ವಾರ ಹೋದದ್ದು: ಒಂದು ಆಟ, ಅದರ ನಲವತ್ತು ಹಂತ, ಅದಕ್ಕೆ ಹಿಡಿದ ಹನ್ನೊಂದು ತಿಂಗಳು, ಒಬ್ಬಳ ಕೆಲಸ.